ಕರ ವಸೂಲಿಗಾರನ ನಾಯಿ: ಲೂಯಿ ಡಾಬರ್‌ಮನ್ ಮತ್ತು ಅವನ ಹೆಸರು ಹೊತ್ತ ತಳಿ

ಡಾಬರ್‌ಮನ್ ನಾಯಿಗೆ ವಯಸ್ಸಾದಂತೆ ಮಿದುಳು ಬೆಳೆಯುತ್ತಲೇ ಹೋಗುತ್ತದೆ, ತಲೆಬುರುಡೆಯಲ್ಲಿ ಜಾಗ ಸಾಲದೆ ಅದಕ್ಕೆ ಹುಚ್ಚು ಹಿಡಿಯುತ್ತದೆ, ಕೊನೆಗೆ ಅನ್ನ ಹಾಕಿದವರನ್ನೇ ಕಚ್ಚುತ್ತದೆ. ಈ ಮಾತನ್ನು ನೀವೂ ಒಮ್ಮೆಯಾದರೂ ಕೇಳಿರುತ್ತೀರಿ. ದಾವಣಗೆರೆ ಜಿಲ್ಲೆಯವರಂತೂ ಇದನ್ನು ನಂಬುವ ಮೊದಲು ತುಂಗಾಳನ್ನು ನೆನೆಸಿಕೊಳ್ಳಬೇಕು. ಜಿಲ್ಲಾ ಪೊಲೀಸ್ ಶ್ವಾನದಳದಲ್ಲಿದ್ದ ಈ ಹೆಣ್ಣು ಡಾಬರ್‌ಮನ್ 2020ರ ಜುಲೈನಲ್ಲಿ ಕೊಲೆ ಪ್ರಕರಣವೊಂದರ ಜಾಡು ಹಿಡಿದು ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಸೀಮೆಯಲ್ಲಿ ಸುಮಾರು 12 ಕಿ.ಮೀ. ಓಡಿ ಆರೋಪಿಯ ಸುಳಿವು ಕೊಟ್ಟಿತು. ಆಗ ಅದರ ವಯಸ್ಸು ಹತ್ತರ ಆಸುಪಾಸು. ಮೇಲಿನ ಮಾತು ನಿಜವಾಗಿದ್ದರೆ ಅಷ್ಟರಲ್ಲಿ ಅದಕ್ಕೆ ಹುಚ್ಚು ಹಿಡಿದು ವರ್ಷಗಳೇ ಆಗಿರಬೇಕಿತ್ತು!

ವಿಜ್ಞಾನ ಹೇಳುವುದು ಸರಳ. ನಾಯಿಯ ಮಿದುಳು ಮರಿತನದಲ್ಲೇ ಬಹುಪಾಲು ಬೆಳೆದು ಮುಗಿಯುತ್ತದೆ. ಬುರುಡೆಯ ಮೂಳೆಗಳು ಆ ಬೆಳವಣಿಗೆಗೆ ತಕ್ಕಂತೆ ಹಿಗ್ಗಿ ಆಮೇಲೆ ಬೆಸೆದುಕೊಳ್ಳುತ್ತವೆ. ದೊಡ್ಡದಾದ ನಾಯಿಯಲ್ಲಿ ಮಿದುಳು ಮತ್ತೆ ಬೆಳೆಯುವುದಿಲ್ಲ. ಬುರುಡೆಯ ಹಿಂಭಾಗ ಇಕ್ಕಟ್ಟಾಗಿ ನೋವು ಕೊಡುವ ಕಾಯಿಲೆ ಇದೆಯಾದರೂ ಅದು ಹೆಚ್ಚಾಗಿ ಕಾಣುವುದು ಕವಲಿಯರ್ ಕಿಂಗ್ ಚಾರ್ಲ್ಸ್ ಸ್ಪೇನಿಯಲ್ ಎಂಬ ಪುಟಾಣಿ ಮುದ್ದು ನಾಯಿಯಲ್ಲಿ. ಅದನ್ನು ಕಂಡು ಯಾರೂ ಹೆದರುವುದಿಲ್ಲ.

ಹಾಗಾದರೆ ಡಾಬರ್‌ಮನ್ ಎಂದೊಡನೆ ನಮಗೆ ಹೆದರಿಕೆ ಏಕೆ? ಅದನ್ನು ಹೆದರಿಸಲಿಕ್ಕೆಂದೇ ಒಬ್ಬ ಮನುಷ್ಯ ರೂಪಿಸಿದ್ದ. ಅವನ ಕಥೆ ತಿಳಿದರೆ ಈ ನಾಯಿಯ ಅರ್ಧ ಸ್ವಭಾವ ಅರ್ಥವಾಗುತ್ತದೆ. ಪೊಲೀಸ್ ಕೆಲಸದ ವಂಶದ ಮರಿಯೊಂದನ್ನು ತಂದು ಶ್ವಾನ ಪ್ರದರ್ಶನಕ್ಕೆ ತಯಾರು ಮಾಡಬೇಕೆಂದಿರುವವರಿಗೆ ಆ ಕಥೆ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅವನ ಪೂರ್ತಿ ಹೆಸರು ಕಾರ್ಲ್ ಫ್ರೀಡ್ರಿಕ್ ಲೂಯಿ ಡಾಬರ್‌ಮನ್. ಹುಟ್ಟಿದ್ದು 1834ರ ಜನವರಿ 2ರಂದು, ಜರ್ಮನಿಯ ತುರಿಂಗಿಯಾ ಸೀಮೆಯ ಅಪೋಲ್ಡಾ ಎಂಬ ಊರಿನಲ್ಲಿ. ವೈಮಾರ್ ನಗರದ ಹತ್ತಿರವಿರುವ ಈ ಊರು ಆ ಕಾಲಕ್ಕೆ ಹೆಣಿಗೆ ಬಟ್ಟೆಗೂ ಚರ್ಚಿನ ಗಂಟೆ ಎರಕಕ್ಕೂ ಹೆಸರಾಗಿತ್ತು. ಲೂಯಿ ಹಣವಂತನಲ್ಲ, ಓದಿದವನೂ ಅಲ್ಲ. ಹೊಟ್ಟೆಪಾಡಿಗೆ ಹಲವು ಕೆಲಸ ಮಾಡಿದ. ಕರ ವಸೂಲಿ, ರಾತ್ರಿ ಪಹರೆ, ಸತ್ತ ದನಕರುಗಳನ್ನು ಸಾಗಿಸಿ ಚರ್ಮ ಸುಲಿಯುವ ಕೆಲಸ, ಬೀದಿನಾಯಿ ಹಿಡಿಯುವ ಕೆಲಸ, ಇವೆಲ್ಲ ಅವನ ಹೆಸರಿನೊಂದಿಗೆ ಸೇರಿಕೊಂಡಿವೆ.

ಚರ್ಮ ಸುಲಿಯುವ ಕೆಲಸವನ್ನು ಜರ್ಮನ್ ಸೀಮೆಗಳಲ್ಲಿ ಶತಮಾನಗಳ ಕಾಲ ಮರ್ಯಾದೆಗೇಡಿನ ಕಸುಬು ಎಂದು ದೂರವಿಟ್ಟಿದ್ದರು. ಆ ಕಸುಬಿನವರ ಜೊತೆ ಕೂತು ಉಣ್ಣಲೂ ಹಿಂಜರಿಯುತ್ತಿದ್ದ ಕಾಲವೊಂದಿತ್ತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಸಿರಿವಂತರ ಬಂಗಲೆಯ ಗೇಟಿನಲ್ಲಿ ಠೀವಿಯಿಂದ ನಿಲ್ಲುವ ನಾಯಿಯ ಮೂಲ ಅಲ್ಲಿದೆ.

ಕರ ವಸೂಲಿಯವನ ಕಷ್ಟ ಏನೆಂದು ಊಹಿಸಬೇಕಾದರೆ ನಮ್ಮೂರಿನ ಪಿಗ್ಮಿ ಹಣ ಕೂಡಿಸುವವರನ್ನು ನೆನೆಸಿಕೊಳ್ಳಿ. ದಿನವಿಡೀ ಅಂಗಡಿ ಅಂಗಡಿ ಸುತ್ತಿ, ಸಂಜೆಗೆ ಚೀಲದಲ್ಲಿ ಬೇರೆಯವರ ದುಡ್ಡು ಇಟ್ಟುಕೊಂಡು ಒಬ್ಬರೇ ಮನೆಗೆ ಹೊರಡಬೇಕು. ಲೂಯಿಯ ಕಾಲದಲ್ಲಿ ಬೀದಿದೀಪವೂ ಅಷ್ಟಕ್ಕಷ್ಟೆ. ಕರ ಕೇಳುವವನನ್ನು ಯಾರೂ ಪ್ರೀತಿಸುವುದಿಲ್ಲ. ಅವನಿಗೆ ಬೇಕಾಗಿದ್ದ ನಾಯಿ ಹೀಗಿರಬೇಕಿತ್ತು: ಹತ್ತಿರ ಬರುವವನು ಎರಡು ಸಲ ಯೋಚಿಸುವಷ್ಟು ದೊಡ್ಡದು, ಆದರೆ ಮೈಲುಗಟ್ಟಲೆ ಜೊತೆಗೆ ನಡೆಯಬಲ್ಲಷ್ಟು ಹಗುರ. ಅಪರಿಚಿತರನ್ನು ನಂಬಬಾರದು, ಒಡೆಯನ ಒಂದೇ ಮಾತಿಗೆ ನಿಲ್ಲಬೇಕು. ಅಂಥ ನಾಯಿ ಸಿದ್ಧವಾಗಿ ಎಲ್ಲೂ ಸಿಗದೆ ಅವನೇ ಮಾಡಿಕೊಳ್ಳಲು ಹೊರಟ.

ನಾಯಿ ಹಿಡಿಯುವ ಕೆಲಸ ಇಲ್ಲಿ ವರವಾಯಿತು. ಊರಿನ ಎಲ್ಲ ಬಗೆಯ ನಾಯಿಗಳೂ ಅವನ ಕಣ್ಣೆದುರು ಹಾದುಹೋಗುತ್ತಿದ್ದವು. ಜೊತೆಗೆ 1860ರ ದಶಕದ ಹೊತ್ತಿಗೆ ಅಪೋಲ್ಡಾದಲ್ಲಿ ನಾಯಿ ಸಂತೆಯೂ ನಡೆಯುತ್ತಿತ್ತು. ನಮ್ಮ ದನದ ಜಾತ್ರೆಯಂತೆ ಅಲ್ಲಿ ನಾಯಿಗಳ ವ್ಯಾಪಾರ. ಜರ್ಮನ್ ಪಿಂಚರ್, ಕಟುಕರು ದನ ಅಟ್ಟಲು ಬಳಸುತ್ತಿದ್ದ ಗಡವ ನಾಯಿಗಳು, ರಾಟ್‌ವೈಲರ್‌ನ ಪೂರ್ವಜರು, ಕುರಿ ಕಾಯುವ ನಾಯಿಗಳು, ಇವುಗಳ ಬೆರಕೆಯಿಂದ ಅವನ ತಳಿ ಬಂತು ಎಂಬುದು ತಳಿತಜ್ಞರ ಸಾಮಾನ್ಯ ಅಭಿಪ್ರಾಯ. ಲೂಯಿ ತಾನು ಮಾಡಿದ್ದನ್ನು ಎಲ್ಲೂ ಬರೆದಿಡಲಿಲ್ಲ. ಯಾವ ಹೆಣ್ಣಿಗೆ ಯಾವ ಗಂಡು ಎಂಬ ಲೆಕ್ಕ ಅವನ ತಲೆಯಲ್ಲೇ ಇತ್ತು, ಅವನೊಂದಿಗೇ ಹೋಯಿತು.

ಆನುವಂಶಿಕತೆಯ ನಿಯಮಗಳೂ ಅವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಗ್ರೆಗೊರ್ ಮೆಂಡೆಲ್ ಬಟಾಣಿ ಗಿಡಗಳ ಪ್ರಯೋಗವನ್ನು ಪ್ರಕಟಿಸಿದ್ದು 1866ರಲ್ಲಿ. ಜಗತ್ತು ಅದನ್ನು ಗಮನಿಸಿದ್ದು 1900ರಲ್ಲಿ. ಅಷ್ಟರಲ್ಲಿ ಲೂಯಿ ತೀರಿಕೊಂಡಿದ್ದ. ಅವನದು ನಮ್ಮ ರೈತರು ಮುಂದಿನ ವರ್ಷದ ಬಿತ್ತನೆಗೆ ಒಳ್ಳೆಯ ತೆನೆ ಆರಿಸಿಡುವ ದಾರಿ. ಧೈರ್ಯ, ಎಚ್ಚರ, ಚುರುಕು ಇರುವ ನಾಯಿಗಳನ್ನು ಕೂಡಿಸುವುದು, ಮರಿಗಳಲ್ಲಿ ಅದೇ ಗುಣ ಇರುವುದನ್ನು ಉಳಿಸಿಕೊಳ್ಳುವುದು, ಉಳಿದವನ್ನು ಮಾರುವುದು. ಇಲ್ಲಿ ಗಮನಿಸಬೇಕಾದ ಮಾತು ಒಂದೇ: ಅವನು ಆರಿಸುತ್ತಿದ್ದುದು ಗುಣವನ್ನು, ರೂಪವನ್ನಲ್ಲ. ಆದ್ದರಿಂದ ಅವನ ನಾಯಿಗಳು ಒಂದರಂತೆ ಒಂದಿರಲಿಲ್ಲ. ಇಂದಿನ ಡಾಬರ್‌ಮನ್‌ಗಿಂತ ದಪ್ಪ ಮೂಳೆ, ಅಗಲ ತಲೆ, ಒರಟು ಕೂದಲು. ಆಗಿನ ನಾಯಿಯೊಂದನ್ನು ಈಗಿನ ಪ್ರದರ್ಶನದ ಕಣಕ್ಕೆ ತಂದರೆ ತೀರ್ಪುಗಾರರು ಮೊದಲ ಸುತ್ತಿನಲ್ಲೇ ಹೊರಗೆ ಕಳಿಸುತ್ತಾರೆ.

ಊರವರು ಅವನ್ನು ಡಾಬರ್‌ಮನ್ನನ ನಾಯಿಗಳು ಎಂದೇ ಗುರುತಿಸತೊಡಗಿದರು. ಬೇಡಿಕೆ ಬಂತು. ಲೂಯಿ 1894ರ ಜೂನ್ 9ರಂದು, ಅರವತ್ತನೆಯ ವಯಸ್ಸಿನಲ್ಲಿ ಸತ್ತ. ತಳಿಗೆ ಅವನ ಹೆಸರು ಅಧಿಕೃತವಾಗಿ ಅಂಟಿಕೊಂಡಿದ್ದು ಆಮೇಲೆ. ತನ್ನ ಹೆಸರು ಕಡಲು ದಾಟಿ ಬಸವಾಪಟ್ಟಣದವರೆಗೂ ಹೋಗುತ್ತದೆಂದು ಅವನಿಗೆ ಕನಸೂ ಬಿದ್ದಿರಲಾರದು.

ಕೆಲಸ ಮುಂದುವರಿಸಿದವನು ಅದೇ ಅಪೋಲ್ಡಾದ ಒಟ್ಟೊ ಗೊಯ್ಲರ್. 1899ರಲ್ಲಿ ಅವನೂ ಗೆಳೆಯರೂ ಸೇರಿ ಈ ತಳಿಯ ಮೊದಲ ಸಂಘ ಕಟ್ಟಿದರು, ನಾಯಿ ಹೇಗಿರಬೇಕೆಂಬ ಮಾನದಂಡ ಬರೆದರು. ರೂಪಕ್ಕೆ ಬೆಲೆ ಬಂದದ್ದು ಅಲ್ಲಿಂದ. ಹೊಳೆಯುವ ಕಪ್ಪು ಮೈಗಾಗಿ ಮ್ಯಾಂಚೆಸ್ಟರ್ ಟೆರಿಯರ್, ಎತ್ತರಕ್ಕೂ ಸೊಬಗಿಗೂ ಗ್ರೇಹೌಂಡ್ ರಕ್ತ ಸೇರಿಸಿದರು. ಲೂಯಿಯ ನಾಯಿಗಳ ಅತಿಯಾದ ಸಿಡುಕನ್ನೂ ಬೇಕೆಂದೇ ತಗ್ಗಿಸಿದರು. ಎಂದರೆ ಇಂದು ನಾವು ನೋಡುವ ಡಾಬರ್‌ಮನ್ನಿನ ಗುಣಕ್ಕೆ ಲೂಯಿ ಕಾರಣ, ರೂಪಕ್ಕೆ ಹೆಚ್ಚಾಗಿ ಅವನ ನಂತರದವರು ಕಾರಣ. ಕೆಲಸದ ವಂಶ, ಪ್ರದರ್ಶನದ ವಂಶ ಎಂದು ತಳಿಗಾರರು ಇಂದು ಬೇರ್ಪಡಿಸುವುದರ ಬೇರು ಇಲ್ಲೇ ಇದೆ. ಜರ್ಮನಿಯ ಡಾಬರ್‌ಮನ್ ಸಂಘ ಮಾತ್ರ ಎರಡನ್ನೂ ಬಿಡಲಿಲ್ಲ. ಅಲ್ಲಿ ಮರಿ ಮಾಡಿಸುವ ಮೊದಲು ನಾಯಿಯ ಮೈಕಟ್ಟನ್ನೂ ಧೈರ್ಯವನ್ನೂ ಒಟ್ಟಿಗೆ ಪರೀಕ್ಷೆ ಮಾಡುತ್ತಾರೆ.

ಈಗ ನಮ್ಮ ಮರಿಯ ವಿಷಯ. ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಒಬ್ಬರ ಮನೆಗೆ ಕೆಲಸದ ವಂಶದ ಎಂಟು ತಿಂಗಳ ಮರಿ ಬಂದಿದೆ ಎಂದುಕೊಳ್ಳಿ. ಅದನ್ನು ಶ್ವಾನ ಪ್ರದರ್ಶನಕ್ಕೆ ಒಯ್ಯುವ ಆಸೆ. ಮೊದಲು ನೋಡಬೇಕಾದ್ದು ಕಾಗದ. ಕೆನೆಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ, ಮೈಕ್ರೋಚಿಪ್ ಎರಡೂ ಇದ್ದರೆ ಚಾಂಪಿಯನ್‌ಶಿಪ್ ಪ್ರದರ್ಶನಗಳ ದಾರಿ ತೆರೆಯುತ್ತದೆ. ಅಲ್ಲಿ ಅಳೆಯುವುದು ಮಾನದಂಡದ ಪ್ರಕಾರ. ಗಂಡು ನಾಯಿ ಹೆಗಲ ಬಳಿ 68ರಿಂದ 72 ಸೆಂ.ಮೀ., ಹೆಣ್ಣು 63ರಿಂದ 68 ಸೆಂ.ಮೀ. ಪಕ್ಕದಿಂದ ನೋಡಿದರೆ ಮೈ ಹೆಚ್ಚುಕಡಿಮೆ ಚೌಕ. ಬಾಯಲ್ಲಿ 42 ಹಲ್ಲು, ಮೇಲಿನ ಸಾಲು ಕೆಳಗಿನದಕ್ಕೆ ಕತ್ತರಿಯಂತೆ ಕೂಡಬೇಕು. ಕೆಲಸದ ವಂಶದ ಮರಿಗಳು ಸಾಮಾನ್ಯವಾಗಿ ಸ್ವಲ್ಪ ಹಗುರ. ಅದನ್ನು ತುಂಬಿಸಲು ಕ್ಯಾಲ್ಸಿಯಂ ಪುಡಿ ಸುರಿಯುವವರಿದ್ದಾರೆ. ದೊಡ್ಡ ತಳಿಯ ಮರಿಗೆ ಅಗತ್ಯಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಕೊಟ್ಟರೆ ಮೂಳೆ ಗಟ್ಟಿಯಾಗುವ ಬದಲು ಸೊಟ್ಟಗಾಗುತ್ತದೆ. ಮರಿಗೆಂದೇ ತಯಾರಾದ ಸಮತೋಲ ಆಹಾರ ಕೊಡುತ್ತಿದ್ದರೆ ಮೇಲೆ ಪುಡಿ ಬೇಡ. ಹಸಿ ಮಾಂಸ ತಿಂದರೆ ನಾಯಿ ಕ್ರೂರವಾಗುತ್ತದೆ ಎಂಬುದೂ ಕಟ್ಟುಕಥೆಯೇ. ಹಸಿ ಮಾಂಸದ ನಿಜವಾದ ತೊಂದರೆ ಅದರಲ್ಲಿರುವ ಸೂಕ್ಷ್ಮಜೀವಿ ಮತ್ತು ಜಂತು.

ಲೂಯಿಯ ನಾಯಿಗೂ ಪ್ರದರ್ಶನದ ಕಣಕ್ಕೂ ನಿಜವಾದ ಜಗಳ ಇರುವುದು ತರಬೇತಿಯಲ್ಲಿ. ಕೆಲಸಕ್ಕೆ ಕಲಿಸಿದ ನಾಯಿ ಒಡೆಯನ ಎಡಕ್ಕೆ ಅಂಟಿಕೊಂಡು, ಕತ್ತು ಎತ್ತಿ ಅವನ ಮುಖ ನೋಡುತ್ತಾ ನಡೆಯುತ್ತದೆ. ಒಡೆಯ ನಿಂತೊಡನೆ ತಾನಾಗಿ ಕೂರುತ್ತದೆ. ವಿಧೇಯತೆಯ ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ. ಪ್ರದರ್ಶನದಲ್ಲಿ ಇದೇ ತಪ್ಪು. ಕತ್ತು ತಿರುಗಿಸಿ ಓಡುವ ನಾಯಿಯ ನಡಿಗೆ ಓರೆಯಾಗುತ್ತದೆ, ಮುಂಗಾಲು ಚಾಚುವುದು ಕಡಿಮೆಯಾಗುತ್ತದೆ. ನಿಂತಾಗ ಕೂತುಬಿಟ್ಟರೆ ಬೆನ್ನಿನ ರೇಖೆ, ಹಿಂಗಾಲಿನ ಕೋನ ಯಾವುದೂ ತೀರ್ಪುಗಾರರಿಗೆ ಕಾಣುವುದಿಲ್ಲ.

ಇದಕ್ಕೆ ಮೊದಲು ಕಲಿತದ್ದನ್ನು ಮರೆಸಬೇಕಾಗಿಲ್ಲ. ನಾಯಿಗಳು ಸಂದರ್ಭವನ್ನು ಚೆನ್ನಾಗಿ ಓದುತ್ತವೆ. ಜಾಡು ಹಿಡಿಯುವ ಪಾಠಕ್ಕೆ ಎದೆಪಟ್ಟಿ, ವಿಧೇಯತೆಗೆ ದಪ್ಪ ಕೊರಳಪಟ್ಟಿ, ಪ್ರದರ್ಶನಕ್ಕೆ ಕತ್ತಿನ ಮೇಲ್ಭಾಗದಲ್ಲಿ ನಿಲ್ಲುವ ತೆಳು ಹಗ್ಗ ಎಂದು ಮೂರನ್ನೂ ಬೇರೆ ಇಡಿ. ಆ ತೆಳು ಹಗ್ಗ ಹಾಕಿದಾಗ ಕೂರು ಎಂಬ ಮಾತನ್ನು ಆಡಲೇಬೇಡಿ. ನಿಲ್ಲು ಎಂಬುದೊಂದೇ ಆಜ್ಞೆ. ಬೇಯಿಸಿದ ಕೋಳಿ ಲಿವರಿನ ಚೂರನ್ನು ಮೂಗಿನ ಮುಂದೆ, ಮೂಗಿನ ಎತ್ತರದಲ್ಲೇ ಹಿಡಿಯಿರಿ. ಮೇಲಕ್ಕೆತ್ತಿದರೆ ಮರಿ ಕೂರುತ್ತದೆ. ನಿಂತು ಮೂರು ಸೆಕೆಂಡ್ ಆಯಿತೇ, ಚೂರು ಕೊಡಿ. ಆಮೇಲೆ ಐದು, ಹತ್ತು. ಮುಂಗಾಲು ಕಂಬದಂತೆ ನೇರ, ಹಿಂಗಾಲಿನ ಹಿಮ್ಮಡಿಯಿಂದ ಪಾದದವರೆಗಿನ ಭಾಗ ನೆಲಕ್ಕೆ ಲಂಬ, ಇಷ್ಟು ಬಂದರೆ ಸಾಕು. ದಿನಕ್ಕೆ ಐದೈದು ನಿಮಿಷದ ಎರಡು ಪಾಠ, ಅದಕ್ಕಿಂತ ಹೆಚ್ಚಾದರೆ ಕೆಲಸದ ಮರಿ ಬೇಸತ್ತು ಹಗ್ಗವನ್ನೇ ಕಚ್ಚಲು ಶುರುಮಾಡುತ್ತದೆ. ನಡಿಗೆಗೆ ಮಾತ್ರ ತಿಂಡಿಯನ್ನು ನಿಮ್ಮ ಕೈಯಲ್ಲಿಟ್ಟುಕೊಳ್ಳದೆ, ಇಪ್ಪತ್ತು ಹೆಜ್ಜೆ ಮುಂದೆ ನೆಲದ ಮೇಲಿಡಿ. ಆಗ ಅದರ ಕಣ್ಣು ನಿಮ್ಮ ಮುಖ ಬಿಟ್ಟು ಮುಂದಕ್ಕೆ ಹೋಗುತ್ತದೆ.

ಇನ್ನೊಂದು ಕಷ್ಟ ಮುಟ್ಟಿಸಿಕೊಳ್ಳುವುದು. ಅಪರಿಚಿತರು ಬಂದು ತುಟಿ ಎತ್ತಿ ಹಲ್ಲು ನೋಡುತ್ತಾರೆ, ಬೆನ್ನು ತಡವುತ್ತಾರೆ, ಗಂಡಾದರೆ ವೃಷಣ ಎರಡೂ ಇಳಿದಿವೆಯೇ ಎಂದು ಮುಟ್ಟಿ ನೋಡುತ್ತಾರೆ. ಅಪರಿಚಿತರನ್ನು ನಂಬಬೇಡ ಎಂದು ಒಂದೂವರೆ ಶತಮಾನದಿಂದ ಆರಿಸಿಕೊಂಡು ಬಂದ ನಾಯಿಗೆ ಇದು ಸಣ್ಣ ಪರೀಕ್ಷೆಯಲ್ಲ. ಮರಿ ಮೂರರಿಂದ ಹದಿನಾಲ್ಕು ವಾರದ ನಡುವೆ ಕಂಡದ್ದನ್ನೆಲ್ಲ ಸಹಜವೆಂದು ಒಪ್ಪಿಕೊಳ್ಳುತ್ತದೆ. ಆ ಕಾಲ ಕಳೆದುಹೋಗಿದ್ದರೂ ದಾರಿ ಇದೆ, ನಿಧಾನ ಅಷ್ಟೆ. ಲಸಿಕೆಗಳೆಲ್ಲ ಮುಗಿದ ಮೇಲೆ ವಾರದ ಸಂತೆಯ ಅಂಚಿನಲ್ಲಿ, ಮರಿಗೆ ಗಾಬರಿಯಾಗದಷ್ಟು ದೂರದಲ್ಲಿ ಕೂತುಕೊಂಡು ನೋಡಲು ಬಿಡಿ. ಅಕ್ಕಪಕ್ಕದ ಮನೆಯವರಿಂದ, ಗಂಡಸರು ಹೆಂಗಸರು ಇಬ್ಬರಿಂದಲೂ, ಒಂದೊಂದು ಸೆಕೆಂಡ್ ಮುಟ್ಟಿಸಿ ತಿಂಡಿ ಕೊಡಿಸಿ. ಗುರುಗುಟ್ಟಿದರೆ ಹೊಡೆಯಬೇಡಿ. ಗುರುಗುಟ್ಟುವುದು ಎಚ್ಚರಿಕೆ. ಹೊಡೆತಕ್ಕೆ ಹೆದರಿ ಎಚ್ಚರಿಕೆ ಕೊಡುವುದನ್ನೇ ಬಿಟ್ಟ ನಾಯಿ ಮುಂದೊಮ್ಮೆ ನೇರವಾಗಿ ಕಚ್ಚುತ್ತದೆ. ಸಾಕಿದವರನ್ನೇ ಕಚ್ಚಿದ ಡಾಬರ್‌ಮನ್ ಕಥೆಗಳಲ್ಲಿ ಮಿದುಳಿನ ಪಾತ್ರಕ್ಕಿಂತ ಇಂಥ ಹೊಡೆತದ ಪಾತ್ರ ದೊಡ್ಡದಿರಬೇಕು ಎಂಬುದು ನನ್ನ ಅನಿಸಿಕೆ.

ಮೈಕಟ್ಟು ಬರಲೆಂದು ಮರಿಯನ್ನು ಬೈಕಿನ ಹಿಂದೆ ಓಡಿಸುವುದನ್ನೂ ಬಿಡಿ. ಉದ್ದ ಮೂಳೆಗಳ ತುದಿಯ ಬೆಳವಣಿಗೆಯ ಭಾಗ ಗಟ್ಟಿಯಾಗಲು ಒಂದು ವರ್ಷ, ಕೆಲವೊಮ್ಮೆ ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಹೊಲದ ಮೆತ್ತನೆ ಮಣ್ಣಿನಲ್ಲಿ ಬಿಟ್ಟು ಆಡಿಸುವುದೇ ಒಳ್ಳೆಯ ವ್ಯಾಯಾಮ. ಜಗಳೂರಿನಂಥ ಬಯಲುಸೀಮೆಯಲ್ಲಿ ಬೇಸಿಗೆ ಬಂತೆಂದರೆ ಬೆಳಗ್ಗೆ ಬಿಸಿಲೇರುವ ಮೊದಲು, ಇಲ್ಲವೇ ಸಂಜೆ ನೆಲ ಆರಿದ ಮೇಲೆ ಮಾತ್ರ. ಡಾಂಬರಿನ ಮೇಲೆ ನಿಮ್ಮ ಅಂಗೈ ಐದು ಸೆಕೆಂಡ್ ನಿಲ್ಲದಿದ್ದರೆ ಅದರ ಪಾದವೂ ಸುಡುತ್ತದೆ. ಚನ್ನಗಿರಿಯ ಅಡಿಕೆ ತೋಟದ ಕಡೆಯವರು ಉಣ್ಣೆಯ ಮೇಲೆ ಕಣ್ಣಿಡಬೇಕು. ಉಣ್ಣೆಯಿಂದ ಬರುವ ಜ್ವರ ರಕ್ತದ ಪ್ಲೇಟ್‌ಲೆಟ್ ಇಳಿಸುತ್ತದೆ. ಡಾಬರ್‌ಮನ್‌ಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡಮಾಡುವ ವಾನ್ ವಿಲೆಬ್ರಾಂಡ್ ಎಂಬ ಆನುವಂಶಿಕ ದೋಷ ಬೇರೆ ಹೆಚ್ಚು. ಎರಡೂ ಕೂಡಿದರೆ ಸಣ್ಣ ಗಾಯವೂ ಅಪಾಯ.

ಈ ಕಾರಣಕ್ಕೂ ಕಿವಿಯ ಮಾತು ಹೇಳಲೇಬೇಕು. ಡಾಬರ್‌ಮನ್ ಕಿವಿ ಹುಟ್ಟಿನಿಂದ ಜೋತಾಡುತ್ತದೆ, ಬಾಲ ಉದ್ದವಾಗಿರುತ್ತದೆ. ಲೂಯಿಯ ಕಾಲದಲ್ಲಿ ಅವನ್ನು ಕತ್ತರಿಸುತ್ತಿದ್ದುದು ಜಗಳದಲ್ಲಿ ಎದುರಾಳಿಯ ಕೈಗೆ ಸಿಗದಿರಲಿ ಎಂದು. ಈಗ ಆ ಜಗಳವೇ ಇಲ್ಲ. ಕಿವಿ ಕತ್ತರಿಸಿದರೆ ಸೋಂಕು ಬರುವುದಿಲ್ಲ, ಚೆನ್ನಾಗಿ ಕೇಳಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಲೂಯಿಯ ತಾಯ್ನಾಡೇ ಕಿವಿ ಕತ್ತರಿಸುವುದನ್ನು 1987ರಲ್ಲಿ, ಬಾಲ ಕತ್ತರಿಸುವುದನ್ನು 1998ರಲ್ಲಿ ನಿಷೇಧಿಸಿತು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟದ ಮಾನದಂಡವೂ ಈಗ ಸಹಜ ಕಿವಿ, ಸಹಜ ಬಾಲವನ್ನೇ ವಿವರಿಸುತ್ತದೆ. ಕಿವಿ ಕತ್ತರಿಸದಿದ್ದರೆ ಬಹುಮಾನ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ಆ ಮಾನದಂಡದ ಪ್ರತಿಯನ್ನು ಅವರ ಮುಂದಿಡಿ.

ಲೂಯಿ ತನ್ನ ನಾಯಿಗಳ ಧೈರ್ಯ ನೋಡಿ ಆರಿಸಿದ. ಅವನ ನಂತರದವರು ರೂಪ ನೋಡಿ ಆರಿಸಿದರು. ಹೃದಯವನ್ನು ನೋಡಲು ಇಬ್ಬರಿಗೂ ಸಾಧನ ಇರಲಿಲ್ಲ. ಮೆಚ್ಚಿದ ಕೆಲವೇ ಗಂಡುಗಳಿಂದ ಮತ್ತೆ ಮತ್ತೆ ಮರಿ ಮಾಡಿಸಿದ್ದರಿಂದ ಅವುಗಳ ಒಳ್ಳೆಯ ಗುಣದ ಜೊತೆಗೆ ದೋಷಗಳೂ ತಳಿಯಲ್ಲಿ ಗಟ್ಟಿಯಾಗಿ ಕೂತವು. ಅವುಗಳಲ್ಲಿ ಒಂದು ವಿಜ್ಞಾನಕ್ಕೆ ಉಪಕಾರವನ್ನೇ ಮಾಡಿತು. ಆಡುತ್ತಾಡುತ್ತಾ ಇದ್ದಕ್ಕಿದ್ದಂತೆ ಕುಸಿದು ನಿದ್ದೆಹೋಗುವ ಡಾಬರ್‌ಮನ್‌ಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಅಭ್ಯಸಿಸಿ, 1999ರಲ್ಲಿ ಅದಕ್ಕೆ ಕಾರಣವಾದ ವಂಶವಾಹಿಯನ್ನು ಕಂಡುಹಿಡಿದರು. ಮನುಷ್ಯರ ನಾರ್ಕೊಲೆಪ್ಸಿ ಎಂಬ ನಿದ್ರಾರೋಗ ಅರ್ಥವಾಗಲು ಅದು ದೊಡ್ಡ ಹೆಜ್ಜೆಯಾಯಿತು.

ಇನ್ನೊಂದು ದೋಷದಲ್ಲಿ ಯಾವ ಉಪಕಾರವೂ ಇಲ್ಲ. ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುವ ಡಿಸಿಎಂ ಕಾಯಿಲೆ ಅದು. ಯುರೋಪಿನ ಡಾಬರ್‌ಮನ್‌ಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಅರ್ಧಕ್ಕಿಂತ ಹೆಚ್ಚು ನಾಯಿಗಳಿಗೆ ಇದು ಬರುತ್ತದೆ. ಮೊದಲ ಕೆಲವು ವರ್ಷ ಹೊರಗೆ ಏನೂ ಗೊತ್ತಾಗುವುದಿಲ್ಲ. ಮೈ ಹೊಳೆಯುತ್ತದೆ, ನಡಿಗೆ ಸೊಗಸು, ಬಹುಮಾನವೂ ಬರುತ್ತದೆ. ಒಳಗೆ ಹೃದಯದ ಬಡಿತ ತಾಳ ತಪ್ಪುತ್ತಿರುತ್ತದೆ. ಕೆಲವಕ್ಕೆ ಮೊದಲ ಲಕ್ಷಣವೇ ಓಡುತ್ತಿರುವಾಗಿನ ಹಠಾತ್ ಸಾವು. ಪ್ರದರ್ಶನದಲ್ಲಿ ಇದನ್ನು ಯಾರೂ ನೋಡುವುದಿಲ್ಲ, ಆದರೆ ಗೆದ್ದ ಗಂಡಿಗೆ ಹೆಣ್ಣು ತರುವವರ ಸಾಲು ಮರುದಿನವೇ ನಿಲ್ಲುತ್ತದೆ. ಗೆದ್ದ ನಾಯಿಗೆ ಈ ದೋಷವಿದ್ದರೆ ಹತ್ತಾರು ಮನೆಗಳಿಗೆ ಅದು ಹಂಚಿಹೋಗುತ್ತದೆ.

ಆದ್ದರಿಂದ ಮರಿ ಕೊಳ್ಳುವಾಗ ತಂದೆ ತಾಯಿಯ ಕಪ್‌ಗಳನ್ನು ಎಣಿಸುವ ಮೊದಲು ಅವುಗಳ ಹೃದಯ ಪರೀಕ್ಷೆಯ ವರದಿ ಕೇಳಿ, ಅಜ್ಜ ಅಜ್ಜಿ ಎಷ್ಟು ವರ್ಷ ಬದುಕಿದವು ಎಂದು ವಿಚಾರಿಸಿ. ನಿಮ್ಮ ನಾಯಿಗೆ ಎರಡು ಮೂರು ವರ್ಷ ತುಂಬಿದಾಗಿನಿಂದ ವರ್ಷಕ್ಕೊಮ್ಮೆ ಎಕೋ ಪರೀಕ್ಷೆ, ಜೊತೆಗೆ 24 ಗಂಟೆ ಹೃದಯದ ಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆ ಮಾಡಿಸುವುದು ತಜ್ಞರ ಸಲಹೆ. ಲಕ್ಷಣ ಕಾಣುವ ಮೊದಲೇ ಕಾಯಿಲೆ ಪತ್ತೆಯಾದರೆ ಪಿಮೋಬೆಂಡನ್ ಎಂಬ ಔಷಧ ಹೃದಯ ವೈಫಲ್ಯವನ್ನು ತಿಂಗಳುಗಟ್ಟಲೆ ಮುಂದೂಡುತ್ತದೆ ಎಂಬುದು ಡಾಬರ್‌ಮನ್‌ಗಳ ಮೇಲೆಯೇ ನಡೆದ ಪರೀಕ್ಷೆಯಲ್ಲಿ ಕಂಡುಬಂದಿದೆ. ಹೊನ್ನಾಳಿ, ನ್ಯಾಮತಿಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ. ಈ ಪರೀಕ್ಷೆಗಳು ಎಲ್ಲಿ ಆಗುತ್ತವೆ ಎಂಬುದನ್ನು ಅಲ್ಲಿ ವಿಚಾರಿಸಬಹುದು. ಬೆಂಗಳೂರಿನವರೆಗೆ ಹೋಗಬೇಕಾದರೂ ಮೊದಲ ಪ್ರದರ್ಶನಕ್ಕೆ ಕಟ್ಟುವ ದುಡ್ಡಿನ ಜೊತೆಗೆ ಇದಕ್ಕೂ ಒಂದಿಷ್ಟು ತೆಗೆದಿಡಿ. ನಾಯಿಯನ್ನು ಮರಿ ಮಾಡಿಸಲು ಬಿಡುವುದು ಆ ವರದಿ ಕೈಗೆ ಬಂದ ಮೇಲೆ.